ಹಿಂದಿನ ಬೆಂಚಿನ ಕೆಮ್ಮು

ಮಗಳು ಗುಬ್ಬಿಯನ್ನು ಶಿಶುಶಾಲೆಗೆ ಸೇರಿಸಿದ ದಿನ ಟೀಚರ್ ನನಗೆ ಅಲ್ಲಿಯ ನಿಯಮ ಹೇಳಿದರು. ಅಳುವ ಮಕ್ಕಳ ಮನೆಯವರು ಕೆಲವು ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ಮಾತಾಡಬಾರದು, ಮಗುವನ್ನು ಕರೆಯಬಾರದು, ಗೋಡೆಯ ಹಾಗಿರಬೇಕು. ಮಗು ಎಷ್ಟು ಸಲ ಹಿಂದೆ ತಿರುಗಿ ನೋಡುತ್ತದೋ ಅಷ್ಟು ಗೆರೆಗಳನ್ನು ಟೀಚರ್ ಬಾಗಿಲ ಪಕ್ಕದ ಸ್ಲೇಟಿನಲ್ಲಿ ಎಳೆಯುತ್ತಾರೆ. ಸತತ ಮೂರು ದಿನ ಸ್ಲೇಟಿನಲ್ಲಿ ಆ ಮಗುವಿನ ಜಾಗ ಖಾಲಿ ಉಳಿದರೆ ಮಗು ಹೊಂದಿಕೊಂಡಿತು ಎಂದು ಅರ್ಥ. ಆಮೇಲೆ ಬೆಂಚಿನವರು ಮನೆಗೆ.

ಗೋಡೆಯ ಹಾಗಿರುವುದು ನನಗೆ ಕಷ್ಟದ ಕೆಲಸವಲ್ಲ. ಗೋಡೆಗೂ ಕಿವಿಯಿರುತ್ತದೆ ಎಂಬುದನ್ನು ಮಾತ್ರ ಟೀಚರ್ ಯೋಚಿಸಿರಲಿಲ್ಲ.

ಮೊದಲ ದಿನ ಗುಬ್ಬಿಯ ಪಾಲಿಗೆ ನಲವತ್ತೊಂದು ಗೆರೆ. ಎರಡನೆಯ ದಿನ ಇಪ್ಪತ್ತಾರು. ಬೆಂಚಿನಲ್ಲಿ ಆಗ ನಾವು ನಾಲ್ವರಿದ್ದೆವು: ಬೇಕರಿಯವರ ಹೆಂಡತಿ, ಅವಳಿ ಹುಡುಗಿಯರ ಅಜ್ಜಿ, ಫೋನಿನಿಂದ ತಲೆಯೆತ್ತದ ಒಬ್ಬ ಅಪ್ಪ, ತುದಿಯಲ್ಲಿ ನಾನು. ಅವರೆಲ್ಲ ಗಡಿಯಾರ ನೋಡುತ್ತಿದ್ದರು. ನಾನು ಚೀಲ ನೋಡುತ್ತಿದ್ದೆ.

ನಾನು ಓದಿದ ಶಾಲೆಯಲ್ಲಿ ಪದಗಳೆಲ್ಲ ಕರಿಹಲಗೆಯ ಮೇಲಿರುತ್ತಿದ್ದವು. ಹತ್ತು ಸಲ ಬರೆದು ತಂದರೆ ಮುಗಿಯಿತು. ಎಂಟನೆಯ ತರಗತಿಗೆ ಅದೂ ನಿಂತುಹೋಯಿತು. ಇಲ್ಲಿ ಪದಗಳು ಒಂದು ನೀಲಿ ಬಟ್ಟೆಯ ಚೀಲದಲ್ಲಿದ್ದವು. ಮಗು ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಬೇಕು. ಕೈಗೆ ಸಿಕ್ಕಿದ ವಸ್ತುವಿನ ಹೆಸರು ಹೇಳದೆ, ಅದು ಹೇಗಿದೆ ಎಂದು ಮಾತ್ರ ಹೇಳಬೇಕು. ತಣ್ಣಗಿದೆ, ಮೊನಚಾಗಿದೆ, ಟೊಳ್ಳಾಗಿದೆ, ಹಿಸುಕಿದರೆ ಕುಗ್ಗುತ್ತದೆ. ಅದು ಏನೆಂದು ಉಳಿದವರು ಊಹಿಸಬೇಕು.

ಅವಳಿಗಳಲ್ಲಿ ದೊಡ್ಡವಳು ಒಂದು ದಿನ ಬಹಳ ಹೊತ್ತು ತಡಕಾಡಿ, "ನಮ್ಮಪ್ಪನ ಗಲ್ಲ" ಎಂದಳು.

"ಅಪ್ಪನ ಗಲ್ಲ ಹೇಗಿರುತ್ತೆ?" ಎಂದು ಟೀಚರ್ ಕೇಳಿದರು.

"ಬೆಳಿಗ್ಗೇದಾ, ಸಂಜೇದಾ?"

ಟೀಚರ್ ಸ್ವಲ್ಪ ಹೊತ್ತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. ಬೆಳಗಿನ ಗಲ್ಲ ನುಣುಪು, ಸಂಜೆಯ ಗಲ್ಲ ಒರಟು. ಒಂದೇ ಗಲ್ಲದಿಂದ ಅವತ್ತು ಎರಡು ಪದ ಬಂದವು. ಚೀಲದಿಂದ ಹೊರಗೆ ಬಂದದ್ದು ಪಾತ್ರೆ ತಿಕ್ಕುವ ಬ್ರಷ್ಷು.

ಇನ್ನೊಂದು ಆಟ ಅಂಗಡಿಯದು. ಕಪಾಟಿನಲ್ಲಿ ಬಟ್ಟಲು, ಬೀಗ, ಸೂಜಿ ಡಬ್ಬಿ, ಹಳೆಯ ಕನ್ನಡಕ ಎಲ್ಲ ಜೋಡಿಸಿಟ್ಟಿರುತ್ತಾರೆ. ಕೊಳ್ಳಲು ಬಂದವರು ಬೊಟ್ಟು ಮಾಡಬಾರದು. 'ಅದು ಕೊಡಿ, ಇದು ಕೊಡಿ' ಎನ್ನಬಾರದು. ಬೇಕಾದ ವಸ್ತುವನ್ನು ಬಾಯಿಬಿಟ್ಟು ವಿವರಿಸಿ ಹೇಳಬೇಕು. 'ಅದು' ಅಂದವರು ಕಪ್ಪೆಯ ಹಾಗೆ ಕಿಟಕಿಯವರೆಗೆ ಕುಪ್ಪಳಿಸಬೇಕು. ಒಂದು ಬೆಳಿಗ್ಗೆ ಹೆಡ್‌ಮಿಸ್ಸು ಬಾಗಿಲಲ್ಲಿ ತಲೆ ಹಾಕಿ, "ಟೀಚರ್, ಅದು ಕಳಿಸಿದ್ರಾ?" ಎಂದು ಕೇಳಿದರು. ಹದಿನೆಂಟು ಮಕ್ಕಳು ಒಟ್ಟಿಗೆ ಅವರತ್ತ ತಿರುಗಿದರು. ಆಮೇಲೆ ಎಲ್ಲರೂ ಕಿಟಕಿಯನ್ನು ನೋಡಿದರು. ಹೆಡ್‌ಮಿಸ್ಸು ಕಾರಿಡಾರಿನ ಎರಡೂ ಕಡೆ ಕಣ್ಣಾಡಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಿಂತಲ್ಲೇ ಒಂದು ಚಿಕ್ಕ ಕುಪ್ಪಳಿಕೆ ಹಾಕಿದರು.

ಆಟ ನಮ್ಮ ಮನೆಗೂ ಬಂತು. ನಮ್ಮದು ಇಸ್ತ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಇವರು ಕೆಲಸದ ನಡುವೆ ಆಡುವ ಮಾತೆಲ್ಲ ಒಂದೇ ಧಾಟಿಯದು: "ಅದನ್ನ ಇತ್ತ ತಾ, ಇದನ್ನ ಅದರ ಮೇಲಿಡು, ಅದೇ ಕಣೇ, ಅದು." ಆರು ವರ್ಷದಿಂದ ನನಗೆ ಎಲ್ಲ ಅರ್ಥವಾಗುತ್ತಿತ್ತು. ಗುಬ್ಬಿಗೆ ಒಮ್ಮೆಲೇ ಏನೂ ಅರ್ಥವಾಗದೆ ಹೋಯಿತು.

"ಅಪ್ಪ, ಕಪ್ಪೆ."

"ಇರೇ, ಪೆಟ್ಟಿಗೆ ಕಾದಿದೆ."

"ಕಪ್ಪೆ ಅಪ್ಪ."

ಬಟ್ಟೆ ಕೊಡಲು ಬಂದಿದ್ದ ಬ್ಯಾಂಕಿನವರ ಎದುರಿಗೇ ಇವರು ಮೇಜಿನ ಹಿಂದೆ ಎರಡು ಸಲ ಕುಪ್ಪಳಿಸಿದರು. ಬ್ಯಾಂಕಿನವರು ಬಗ್ಗಿ ನೋಡಿ, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದರು.

ನಾನು ಶಾಲೆಯಲ್ಲಿದ್ದಷ್ಟು ಹೊತ್ತು ಅಂಗಡಿಯಲ್ಲಿ ನನ್ನ ಜಾಗಕ್ಕೆ ಅತ್ತೆ ಕೂರುತ್ತಿದ್ದರು. ಬಂದ ಬಟ್ಟೆ ಎಣಿಸಿ ಗುರುತಿನ ಚೀಟಿ ಸಿಕ್ಕಿಸುವುದು ಅವರಿಗೆ ಸುಲಭ. ಲಾಡ್ಜಿನ ಬೆಡ್‌ಶೀಟುಗಳೇ ಕಷ್ಟ. ಒಂದೊಂದನ್ನೂ ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ಅತ್ತೆಯ ಕೈ ಗಿಡ್ಡ, ಮಂಡಿ ನೋವು ಬೇರೆ. ಹಾಗಾಗಿ ದಿನಾ ನಾನು ಹೊಸಿಲು ದಾಟುವ ಮುಂಚೆಯೇ ಪ್ರಶ್ನೆ ಬರುತ್ತಿತ್ತು.

"ಇನ್ನೂ ಎಷ್ಟು ದಿನ ಅಳ್ತಾಳಂತೆ ನಿನ್ನ ಮಗಳು?"

"ಸ್ವಲ್ಪ ಕಮ್ಮಿ ಆಗಿದೆ, ಅತ್ತೆ."

ಕಮ್ಮಿ ಏನು, ಐದನೆಯ ದಿನಕ್ಕೇ ಅಳು ನಿಂತಿತ್ತು. ತಿರುಗಿ ನೋಡುವುದೂ ಮೂರಕ್ಕೆ, ಎರಡಕ್ಕೆ ಇಳಿಯಿತು. ಬೆಂಚಿನಿಂದ ಮೊದಲು ಬೇಕರಿಯವರ ಹೆಂಡತಿ ಎದ್ದು ಹೋದರು. ಆಮೇಲೆ ಅವಳಿಗಳ ಅಜ್ಜಿ. ಫೋನಿನ ಅಪ್ಪ, ತನ್ನ ಮಗ ನಾಲ್ಕು ದಿನದಿಂದ ತಿರುಗಿಯೇ ಇಲ್ಲವೆಂದು ಟೀಚರೇ ಬಂದು ಹೇಳುವವರೆಗೆ ಕುಳಿತಿದ್ದು, ಆಮೇಲೆ ಹೋದರು.

ಎಂಟನೆಯ ದಿನ ನಡಿಗೆಯ ಆಟ. ಟೀಚರ್ ಒಂದೊಂದು ಪದ ಹೇಳಿದ ಹಾಗೆ ಮಕ್ಕಳು ಕೋಣೆಯ ಉದ್ದಕ್ಕೂ ಹಾಗೇ ನಡೆಯಬೇಕು. ಕುಂಟು. ತೆವಳು. ನುಸುಳು. ತೂರಾಡು. ಸದ್ದಾಗದಂತೆ ಕಳ್ಳಹೆಜ್ಜೆ ಇಡು. ಗಾಳಿಗೆ ಎದುರಾಗಿ ನಡೆ. ಬಿಟ್ಟರೆ ನಾನೂ ಬೆಂಚಿನಿಂದ ಎದ್ದು ತೆವಳುತ್ತಿದ್ದೆನೇನೋ. ಸ್ಲೇಟಿನ ಕಡೆ ಕಣ್ಣು ಹೋಯಿತು. ಖಾಲಿ. ಬೆಲ್ಲು ಹೊಡೆಯಲು ಹತ್ತು ನಿಮಿಷವಿತ್ತು. ಇಂದು, ನಾಳೆ, ನಾಡಿದ್ದು. ಆಮೇಲೆ ನಾನು ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಿರುತ್ತೇನೆ. ಇಲ್ಲಿ ಮುಂದಿನ ಆಟ ಯಾವುದೆಂದು ನನಗೆ ತಿಳಿಯುವುದೇ ಇಲ್ಲ.

ಅಷ್ಟರಲ್ಲಿ ಕೆಮ್ಮು ಬಂತು. ಆ ಮೊದಲ ಕೆಮ್ಮು ನಿಜವಾದದ್ದೇ, ಸೀಮೆಸುಣ್ಣದ ಪುಡಿಯದು. ತೆವಳುತ್ತಿದ್ದ ಗುಬ್ಬಿ ತಲೆಯೆತ್ತಿ ನನ್ನನ್ನು ನೋಡಿದಳು. ಟೀಚರ್ ಒಂದು ಗೆರೆ ಎಳೆದರು.

ಒಂದು ಗೆರೆ ಬಿದ್ದರೆ ಮೂರು ದಿನದ ಎಣಿಕೆ ಮತ್ತೆ ಮೊದಲಿನಿಂದ. ಇದು ನನಗೆ ಹೊಳೆದದ್ದು ಮನೆಗೆ ನಡೆದು ಬರುವ ದಾರಿಯಲ್ಲಿ. ಹೊಳೆದ ಮೇಲೆ ಸುಮ್ಮನಿರಲಾಗಲಿಲ್ಲ.

ಆಮೇಲಿನ ಕೆಮ್ಮುಗಳೆಲ್ಲ ನನ್ನವು. ಎರಡು ದಿನ ಬಿಟ್ಟು ಮೂರನೆಯ ದಿನ ಒಂದು. ಗುಬ್ಬಿ ಆ ಕೆಮ್ಮಿಗೆ ಬೇಗ ಒಗ್ಗಿಹೋದಳು. ಆಗ ನೀರಿನ ಬಾಟಲಿಯ ಮುಚ್ಚಳ ಕೈತಪ್ಪಿ ಬೀಳತೊಡಗಿತು. ಮುಚ್ಚಳದ ಸದ್ದೂ ಹಳತಾದ ಮೇಲೆ ಒಂದು ಸೀನು ಸೀನಿದೆ. ಅದು ಎಷ್ಟು ಜೋರಾಗಿತ್ತೆಂದರೆ ಹದಿನೆಂಟು ಮಕ್ಕಳೂ ತಿರುಗಿದರು.

"ಕೆಮ್ಮಿಗೆ ಏನಾದ್ರೂ ಔಷಧಿ ತಗೊಳ್ಳಿ" ಎಂದರು ಟೀಚರ್ ಒಂದು ದಿನ. ಅವರು ಹೇಳಿದ್ದು ಕೆಮ್ಮಿನ ಬಗ್ಗೆಯೇ. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ದಾರಿಯುದ್ದಕ್ಕೂ ಆ ಮಾತನ್ನು ತಿರುವಿ ಹಾಕಿ ನೋಡಿದೆ.

ಹೀಗೆ ಮೂರು ವಾರ ದಾಟಿತು. ಬೆಂಚಿನಲ್ಲಿ ನಾನೊಬ್ಬಳೇ.

ನಾಲ್ಕನೆಯ ವಾರದ ಬುಧವಾರ ಟೀಚರ್ ಹೊಸ ಆಟ ಶುರು ಮಾಡಿದರು. ಒಬ್ಬೊಬ್ಬರೇ ಮುಂದೆ ಬಂದು, ಮನೆಯಲ್ಲಿ ಯಾರಾದರೊಬ್ಬರು ಮಾಡುವ ಕೆಲಸವನ್ನು ಬಾಯಿಬಿಡದೆ ಮಾಡಿ ತೋರಿಸಬೇಕು. ಕುಳಿತವರು ಅದಕ್ಕೆ ಎಷ್ಟು ಪದ ಸಿಗುತ್ತದೋ ಅಷ್ಟು ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ.

ಬೇಕರಿಯವರ ಮಗ ಗಾಳಿಯಲ್ಲಿ ಹಿಟ್ಟು ಕಲಸಿದ. "ಕಲಸು." "ನಾದು." "ಗುದ್ದು." "ತಟ್ಟು." "ಹಣೆ ಒರೆಸ್ಕೋ." ಚಿಕ್ಕ ಅವಳಿ ತನ್ನ ಅಜ್ಜಿಯಾದಳು. ದಿಂಬು ಎತ್ತಿದಳು, ಕಪಾಟು ತೆಗೆದಳು, ತುಟಿ ಅಲುಗಿಸಿದಳು. "ಹುಡುಕು." "ತಡಕಾಡು." "ಗೊಣಗು." "ಬೈಕೋ." ಕೊನೆಗೆ ಹಣೆಯ ಮೇಲಿಂದ ಕನ್ನಡಕ ಕೆಳಗಿಳಿಸಿದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಆಮೇಲೆ ಗುಬ್ಬಿ ಎದ್ದಳು. ಅವಳು ಇಸ್ತ್ರಿ ಮಾಡಿ ತೋರಿಸುತ್ತಾಳೆ, ಚೆನ್ನಾಗಿರುತ್ತದೆ ಎಂದುಕೊಂಡೆ. 'ಚಿಮುಕಿಸು, ಒತ್ತು, ಮಡಿಸು' ಎಂದು ಮನಸ್ಸಿನಲ್ಲೇ ಪದ ಜೋಡಿಸಿಕೊಂಡೆ.

ಗುಬ್ಬಿ ಒಂದು ಪುಟ್ಟ ಸ್ಟೂಲು ಎಳೆದು ಅದರ ತುದಿಯಲ್ಲಿ ಕೂತಳು. ಬೆನ್ನು ನೇರ, ಎರಡೂ ಕೈ ತೊಡೆಯ ಮೇಲೆ. ಕತ್ತು ಚಾಚಿ ಬಾಗಿಲ ಪಕ್ಕದ ಸ್ಲೇಟನ್ನು ನೋಡಿದಳು. ಕೆಮ್ಮಿದಳು. ಕಾದಳು. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕೆಮ್ಮಿದಳು. ತೊಡೆಯ ಮೇಲಿಂದ ಏನೋ ಜಾರಿತೆಂಬಂತೆ ಬಗ್ಗಿದಳು. ಯಾರೋ ತನ್ನತ್ತ ತಿರುಗಿದರೆಂಬಂತೆ ಒಂದು ಚೂರು ನಕ್ಕು, ತಕ್ಷಣ ಚಾವಣಿಯ ಫ್ಯಾನು ನೋಡತೊಡಗಿದಳು.

ನನ್ನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯ ಹಾಗಾಯಿತು.

"ಕೂತ್ಕೋ," ಎಂದಿತು ತರಗತಿ. "ಕೆಮ್ಮು." "ಕಾಯು." "ಬೀಳಿಸು." "ನಾಟಕ ಆಡು."

"ಗುಬ್ಬಿ ಅಮ್ಮ," ಎಂದ ಬೇಕರಿಯವರ ಮಗ.

"ಸುಳ್ಳು ಕೆಮ್ಮು," ಎಂದಳು ದೊಡ್ಡ ಅವಳಿ.

ಟೀಚರ್ ನನ್ನ ಕಡೆ ನೋಡಲಿಲ್ಲ. ಗುಬ್ಬಿಯನ್ನು ಕೇಳಿದರು. "ಸುಳ್ಳು ಕೆಮ್ಮು ಅಂತ ಹೇಗೆ ಗೊತ್ತಾಗುತ್ತೆ?"

"ನಿಜ ಕೆಮ್ಮು ಬಂದ್ರೆ ಅಮ್ಮ ನೀರು ಕುಡೀತಾಳೆ. ಇಲ್ಲಿ ಕೆಮ್ಮಿದ್ರೆ ಸ್ಲೇಟು ನೋಡ್ತಾಳೆ." ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ತಳ್ಳುತ್ತ ಗುಬ್ಬಿ ಮುಂದುವರಿಸಿದಳು. "ನಾನು ತಿರುಗ್ಲಿಲ್ಲ ಅಂದ್ರೆ ಪಾಪ ಅಮ್ಮಂಗೆ ಬೇಜಾರು. ತಿರುಗ್ತೀನಿ."

ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮುಂದಿನವನು ಬಂದು ತನ್ನ ಚಿಕ್ಕಪ್ಪ ಬಸ್ಸು ಓಡಿಸುವುದನ್ನು ತೋರಿಸಿದ. ನಾನು ಫ್ಯಾನು ನೋಡುವಂತಿರಲಿಲ್ಲ, ಸ್ಲೇಟು ನೋಡುವಂತಿರಲಿಲ್ಲ. ಬೆಲ್ಲು ಹೊಡೆಯುವವರೆಗೆ ನನ್ನ ಚಪ್ಪಲಿ ನೋಡುತ್ತ ಕುಳಿತೆ.

ಮಕ್ಕಳು ಕೈತೊಳೆಯಲು ಸಾಲಾಗಿ ಹೊರಗೆ ಹೋದ ಮೇಲೆ ಟೀಚರ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು.

"ಇಷ್ಟು ದಿನ ನಾನೂ ಪೆದ್ದು ಥರ ಗೆರೆ ಎಳ್ಕೊಂಡು ಕೂತಿದ್ದೆ," ಎಂದರು. ಸಿಟ್ಟಿರಲಿಲ್ಲ, ಆದರೆ ನಗುವೂ ಇರಲಿಲ್ಲ. "ನೋಡಿ, ಅವಳಿಗಿಲ್ಲಿ ಭಯ ಇಲ್ಲ. ಆಟದ ಮಧ್ಯೆ ನಿಮ್ಮನ್ನೂ ಸಮಾಧಾನ ಮಾಡ್ಬೇಕಲ್ಲ ಅನ್ನೋದೊಂದೇ ಅವಳಿಗೆ ಕೆಲಸ. ನಾಲ್ಕು ವರ್ಷದ ಮಗೂಗೆ ಅದು ಭಾರ ಅಲ್ವಾ?"

ಭಾರ ಎನ್ನುವ ಪದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅದು ಬಂದು ಕೂತ ಜಾಗ ಬೇರೆ. ಅವರು ಹೇಳಿದ್ದು ಸರಿ ಎಂದು ತಲೆಯಾಡಿಸಿದೆ.

"ನಾಳೆಯಿಂದ ಗೇಟಿನ ಹತ್ರ ಬಿಟ್ಟು ಹೋಗಿ."

ಮತ್ತೆ ತಲೆಯಾಡಿಸಿದೆ. ಅವರು ಏಳಲು ಹೊರಟರು. ಈಗ ಸುಮ್ಮನಿದ್ದರೆ ಎಂದೆಂದಿಗೂ ಸುಮ್ಮನೆ ಎನಿಸಿತು.

"ಟೀಚರ್, ನಾನು ಮಗೂನ ಬಿಟ್ಟಿರಲಾರದೆ ಕೂತಿದ್ದಲ್ಲ," ಎಂದೆ. ಇಪ್ಪತ್ತು ದಿನದಲ್ಲಿ ಅವರೊಂದಿಗೆ ನಾನಾಡಿದ ಮೊದಲ ಉದ್ದನೆಯ ಮಾತು ಅದು. "ನಾಳೆ ಯಾವ ಆಟ ಅಂತ ನೋಡ್ಬೇಕಿತ್ತು. ದಿನಾ ಹಂಗೇ ಅನ್ನಿಸ್ತಿತ್ತು."

ಅವರು ಮತ್ತೆ ಕುಳಿತರು.

"ಸೋಮವಾರ ಬಂದ್ರೆ ಚೀಲದಲ್ಲಿ ಹೊಸ ಸಾಮಾನಿರುತ್ತೆ. ಕಪಾಟಿನ ಅಂಗಡೀನೂ ಬದಲಾಗಿರುತ್ತೆ. ಯಾವಾಗ ಮಾಡ್ತೀರಿ ಅದನ್ನೆಲ್ಲ?"

"ಶನಿವಾರ ಬೆಳಿಗ್ಗೆ. ಮಕ್ಕಳಿಗೆ ರಜಾ ಇರುತ್ತಲ್ಲ."

"ಒಬ್ರೇನಾ?"

"ಒಬ್ಳೇ. ಯಾರು ಬರ್ತಾರೆ?"

"ನಾನು ಬರ್ಲಾ?"

ಅವರು ನನ್ನತ್ತ ತಿರುಗಿ ನೋಡಿದರು. ಚೀಲದೊಳಗೆ ಕೈ ಹಾಕಿದ ಮಗು ಹೆಸರು ಗೊತ್ತಾಗದೆ ನಿಂತಾಗ ಅವರು ಹಾಗೆ ನೋಡುತ್ತಾರೆ. "ಬನ್ನಿ," ಎಂದರು. "ಆದ್ರೆ ಮನೇಲಿ ಮಗು ಅಳುತ್ತೆ ಅಂತ ಹೇಳಿ ಬರೋದು ಬೇಡ. ಇರೋದನ್ನೇ ಹೇಳಿ ಬನ್ನಿ."

ಅಲ್ಲಿಗೆ ನನ್ನ ಶನಿವಾರ ಅತ್ತೆಯ ಕೈಗೆ ಹೋಯಿತು. ಶನಿವಾರ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಲಾಡ್ಜಿನ ಗಂಟು ಬರುವುದು ಅವತ್ತೇ. ಜೊತೆಗೆ, ಮೂರು ವಾರ ಸುಳ್ಳು ಹೇಳಿದವಳು ಇನ್ನೇನು ಬಾಯಲ್ಲಿ ಕೇಳುವುದು.

"ಕೆಮ್ಮಿನ ವಿಷಯ ಮನೇಲಿ ನಾನೇ ಹೇಳ್ತೀನಿ," ಎಂದೆ ದಾರಿಯಲ್ಲಿ.

"ಸರಿ. ನೀನು ಹೇಳು, ನಾನು ಮಾಡಿ ತೋರಿಸ್ತೀನಿ," ಎಂದಳು ಗುಬ್ಬಿ.

ಅಂಗಡಿಯಲ್ಲಿ ತಾಯಿ ಮಗ ಒಂದು ಬೆಡ್‌ಶೀಟು ಹಿಡಿದು ನಿಂತಿದ್ದರು. ಅತ್ತೆಯ ಕಡೆಯ ಅಂಚು ನೆಲ ಗುಡಿಸುತ್ತಿತ್ತು. ಅತ್ತೆ ಎಂದಿನ ಪ್ರಶ್ನೆ ತೆಗೆಯುವ ಮೊದಲೇ ನಾನು ಶುರು ಮಾಡಿದೆ. ಮಗು ಅಳುವುದು ನಿಂತು ಬಹಳ ದಿನವಾಯಿತು, ಕೆಮ್ಮಿ ಕೆಮ್ಮಿ ಅಲ್ಲಿ ಉಳಿದವಳು ನಾನು, ನಾಳೆಯಿಂದ ಅಂಗಡಿಗೆ ಬರುತ್ತೇನೆ, ಆದರೆ ಶನಿವಾರ ಬೆಳಿಗ್ಗೆ ಮಾತ್ರ ಟೀಚರ್ ಹತ್ತಿರ ಹೋಗಬೇಕು. ಉಸಿರು ತಗೊಳ್ಳದೆ ಹೇಳಿದೆ. ನನ್ನ ಪಕ್ಕದಲ್ಲಿ ಗುಬ್ಬಿ ಎರಡು ಸಲ ಕೆಮ್ಮಿ ಫ್ಯಾನು ನೋಡಿದಳು.

ಇವರ ಕೈಯಿಂದ ಬೆಡ್‌ಶೀಟಿನ ತುದಿ ಜಾರಿತು. "ಮೂರು ವಾರ? ನಾನಿಲ್ಲಿ ಒದ್ದಾಡ್ತಾ ಇದ್ರೆ ನೀನಲ್ಲಿ ಕೆಮ್ತಾ ಇದ್ಯಾ?"

"ತಪ್ಪಾಯ್ತು."

"ನಂಗೆ ಎರಡನೇ ವಾರವೇ ಗೊತ್ತು," ಎಂದರು ಅತ್ತೆ. ಬಿದ್ದ ತುದಿಯನ್ನು ಕಾಲಿನಿಂದಲೇ ಹತ್ತಿರ ಎಳೆದುಕೊಂಡರು. "ಬೆಳಿಗ್ಗೆ ಎದ್ದು ತಾನೇ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಲ್ಲೋ ಮಗು ಶಾಲೇಲಿ ಅಳುತ್ತಾ? ನನ್ನ ಕೂದಲು ಬಿಸಿಲಿಗೆ ಬೆಳ್ಳಗಾಗಿಲ್ಲ."

"ಮತ್ತೆ ದಿನಾ ಯಾಕಮ್ಮ ಕೇಳ್ತಿದ್ದೆ, ಎಷ್ಟು ದಿನ ಅಳ್ತಾಳೆ ಅಂತ?" ಎಂದರು ಇವರು.

"ಕೇಳ್ದೆ ಬಿಟ್ರೆ ಇವಳಿಗೆ ಅನುಮಾನ ಬರ್ತಿತ್ತು. ಬಂದು ಬಿಡ್ತಿದ್ಲು ಅಂಗಡಿಗೆ."

"ಬರಬೇಕಾಗಿದ್ದೇ ಅಲ್ವೇನಮ್ಮ."

ಅತ್ತೆ ಸ್ಟೂಲಿನ ಮೇಲೆ ಕುಳಿತು ಚೀಟಿಗಳ ಡಬ್ಬಿಯನ್ನು ತೊಡೆಗೆ ಎಳೆದುಕೊಂಡರು. "ಒಳಗೆ ಕೂತ್ರೆ ಗಡಿಯಾರ ನನ್ನ ನೋಡ್ಬೇಕು, ನಾನು ಗಡಿಯಾರ ನೋಡ್ಬೇಕು," ಎಂದರು. "ಇಲ್ಲಿ ಕೂತ್ರೆ ಬೀದಿಯೆಲ್ಲ ಬರುತ್ತೆ. ಬ್ಯಾಂಕಿನವರ ಮಗಳಿಗೆ ಕೆಲಸ ಸಿಕ್ಕಿದ್ದು ನಿಮ್ಮಿಬ್ಬರಿಗೆ ಗೊತ್ತಾ? ಮೂಲೆ ಮನೆಯವರು ಮಾತು ಬಿಟ್ಟಿದ್ದು ಯಾಕೆ ಗೊತ್ತಾ? ಆರು ವರ್ಷ ಇಲ್ಲಿ ನಿಂತು ಏನು ತಿಳ್ಕೊಂಡಿದೀರಿ ನೀವು?" ನನ್ನತ್ತ ತಿರುಗಿ, "ನಾಳೆಯಿಂದ ಬಾ, ಬೇಡ ಅನ್ನಲ್ಲ. ಈ ಸ್ಟೂಲು ಮಾತ್ರ ಕೇಳ್ಬೇಡ. ನಿಂಗೊಂದು ಬೇರೆ ತಂದ್ಕೋ" ಎಂದರು.

"ಶನಿವಾರದ್ದು ಏನು?" ಇವರು ಬಿಡಲಿಲ್ಲ. "ಲಾಡ್ಜಿಂದು ಎಂಬತ್ತು ಬೆಡ್‌ಶೀಟು. ಯಾರು ಹಿಡೀತಾರೆ?"

"ನಾನಿಲ್ವಾ?"

"ನಿನ್ನ ಕೈ ಗಿಡ್ಡ ಅಮ್ಮ."

"ಸ್ಟೂಲು ಹತ್ತಿ ಹಿಡೀತೀನಿ."

"ಮಂಡಿ?"

"ಮಂಡಿ ನಂದು. ನಿನ್ನ ಹತ್ರ ಸಾಲ ತಂದಿದ್ದಲ್ಲ."

ಇವರು ನನ್ನನ್ನು ನೋಡಿದರು, ಅವರಮ್ಮನನ್ನು ನೋಡಿದರು, ಇನ್ನೂ ಫ್ಯಾನು ನೋಡುತ್ತಿದ್ದ ಮಗಳನ್ನು ನೋಡಿದರು. "ಮಧ್ಯಾಹ್ನದೊಳಗೆ ಬಂದ್ಬಿಡು," ಎಂದರು. "ಉಳಿದದ್ದು ನಾವಿಬ್ಬರೂ ಸೇರಿ ಮಡಿಸೋಣ."

ಶನಿವಾರ ತರಗತಿಯಲ್ಲಿ ಮಕ್ಕಳಿರಲಿಲ್ಲ. ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಟೀಚರ್ ನೆಲದ ಮೇಲೆ ಚಿತ್ರಗಳನ್ನು ಹರಡಿಕೊಂಡು ಕುಳಿತಿದ್ದರು. ಮುಂದಿನ ವಾರ ಮೇಲೆ, ಕೆಳಗೆ, ನಡುವೆ, ಪಕ್ಕ ಇಂಥ ಪದಗಳನ್ನು ಕಲಿಸಬೇಕು, ಚಿತ್ರ ತೋರಿಸಿದರೆ ಮಕ್ಕಳು ಆಕಳಿಸುತ್ತಾರೆ, ಏನು ಮಾಡುವುದೋ ಹೊಳೆಯುತ್ತಿಲ್ಲ ಎಂದರು.

ನಾನು ನನ್ನ ಕೈಚೀಲ ತೆರೆದೆ. ಯಾರೂ ಕೇಳಿಕೊಂಡು ಬಾರದ ಪುಟ್ಟ ಬಟ್ಟೆಗಳು ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಉಳಿದಿರುತ್ತವೆ. ಒಂದು ಅಂಗಿ, ಒಂದು ಲಂಗ, ಒಂಟಿ ಕಾಲುಚೀಲ, ಟೋಪಿ. ಜೊತೆಗೆ ಒಂದು ಹಗ್ಗ, ಒಂದು ಡಬ್ಬಿ ಕ್ಲಿಪ್ಪು.

"ಒಬ್ರು ಹೇಳ್ಬೇಕು, ಒಬ್ರು ಒಣಹಾಕ್ಬೇಕು," ಎಂದೆ. "ಟೋಪಿ ಅಂಗಿಗೂ ಲಂಗಕ್ಕೂ ನಡುವೆ. ಕಾಲುಚೀಲ ತುದೀಲಿ. ಅಂಗಿ ಒಳಮೈ ಹೊರಗೆ ಮಾಡಿ ಹಾಕು, ತಲೆ ಕೆಳಗೆ ಮಾಡಿ ಹಾಕು. ತಪ್ಪು ಹಾಕಿದ್ರೆ ತಾವೇ ನೋಡಿ ನಗ್ತಾರೆ. ನಾವು ತಪ್ಪು ಅನ್ನೋ ಹಾಗೇ ಇಲ್ಲ."

ಟೀಚರ್ ಹಗ್ಗ ಎತ್ತಿಕೊಂಡರು. ಕ್ಲಿಪ್ಪು ಚಿಕ್ಕ ಬೆರಳಿಗೆ ಬಿಗಿಯಾಗುವುದಿಲ್ಲವೇ ಎಂದು ಕೇಳಿದರು. ಹಳೆಯವು, ಸಡಿಲ ಇವೆ, ನಿನ್ನೆ ಗುಬ್ಬಿಯ ಕೈಯಲ್ಲಿ ಒತ್ತಿಸಿ ನೋಡಿದ್ದೇನೆ ಎಂದೆ. ಎಂಟು ಮಕ್ಕಳು ಒಟ್ಟಿಗೆ ಆಡಬಹುದೇ ಎಂದು ಕೇಳಿದರು. ಆರಾದರೆ ಒಳ್ಳೆಯದು, ಎಂಟಾದರೆ ಹಗ್ಗ ಎಳೆದಾಡುತ್ತಾರೆ, ಅದರಲ್ಲೂ ಅವಳಿಗಳನ್ನು ಒಂದೇ ಕಡೆ ಬಿಡಬಾರದು ಎಂದೆ. ಅವರು ತಮ್ಮ ಪುಸ್ತಕ ತೆಗೆದು ಆರು ಎಂದು ಬರೆದುಕೊಂಡರು. ಆಮೇಲೆ ಹಗ್ಗದ ಒಂದು ತುದಿಯನ್ನು ಕಪಾಟಿನ ಹಿಡಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

"ಎಷ್ಟು ಎತ್ತರಕ್ಕೆ ಕಟ್ಟೋಣ?"

ಮಕ್ಕಳ ಕೈ ಎಲ್ಲಿಗೆ ಎಟುಕುತ್ತದೆಂದು ನೋಡಬೇಕಿತ್ತು. ನಾನು ಮಂಡಿಯೂರಿ, ಹಗ್ಗ ಹಿಡಿದುಕೊಂಡು, ಮಂಡಿಯ ಮೇಲೆಯೇ ಕಿಟಕಿಯ ಸರಳಿನವರೆಗೆ ನಡೆದುಹೋದೆ.